ದಾಸವಾಳದ ಕಾಯಿ ಯಾಕೆ ನಿಲ್ಲುತ್ತಿಲ್ಲ? ಹತ್ತಿ ಹೊಲದವರನ್ನ ಕೇಳಿ

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಟೆರೇಸ್ ಮೇಲೆ 30 ಪಾಟುಗಳಲ್ಲಿ ದಾಸವಾಳ ಬೆಳೆಸಿದ್ದೇನೆ. ನನ್ನದೇ ಒಂದು ಹೊಸ ಹೂ ಮಾಡಬೇಕು ಅಂತ ಎರಡು ವರ್ಷದಿಂದ ಒಂದರ ಹೂಧೂಳಿಯನ್ನ ಇನ್ನೊಂದಕ್ಕೆ ಹಚ್ಚುತ್ತಿದ್ದೇನೆ. ಈ ಸಲ ಏಪ್ರಿಲ್-ಮೇ ರಜೆಯಲ್ಲಿ ಸುಮಾರು 40 ಹೂವಿಗೆ ಹಚ್ಚಿದೆ. ಎಲ್ಲವೂ ವಾರದೊಳಗೆ ಉದುರಿದವು. ಹಿಂದಿನ ವರ್ಷ ಒಂದೇ ಒಂದು ಕಾಯಿ ನಿಂತಿತ್ತು. ತಾಯಿ ಗಿಡ ಕೇಸರಿ ಬಣ್ಣದ ಒಂಟಿ ಸುತ್ತಿನದು, ತಂದೆ ಕೆಂಪು ಕಣ್ಣಿನ ದೊಡ್ಡ ಹಳದಿ ಹೈಬ್ರಿಡ್. 6 ಬೀಜದಲ್ಲಿ 2 ಮೊಳೆತು 1 ಬದುಕಿತು. ಮೊನ್ನೆ ಅದು ಹೂ ಬಿಟ್ಟಿದೆ, ಸಪ್ಪೆ ಗುಲಾಬಿ ಬಣ್ಣ, ಬೇಲಿ ದಾಸವಾಳದಷ್ಟೇ ಸಣ್ಣದು. ಜೊತೆಗೆ ಗಿಡಗಳ ಹೊಸ ಎಲೆ ಹಳದಿ ಆಗುತ್ತಿವೆ, ಕೆಲವು ಚಿಗುರು ಮುರುಟಿ ಗಂಟಾಗಿವೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅಕ್ಕೋರೇ, ಏಪ್ರಿಲ್-ಮೇ ರಜೆ ನಿಮಗೆ. ದಾಸವಾಳಕ್ಕೆ ಅದು ವರ್ಷದಲ್ಲೇ ಕಷ್ಟದ ಕಾಲ. ನಿಮ್ಮ 40 ಹೂ ಉದುರಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕ್ಯಾಲೆಂಡರಿನದು. ಕೈಯದು ಆಮೇಲೆ.

ಹೂವನ್ನ ಒಮ್ಮೆ ಉದ್ದಕ್ಕೆ ಸೀಳಿ ನೋಡಿ, ವಿಷಯ ಅರ್ಧ ಅಲ್ಲೇ ತಿಳಿಯುತ್ತದೆ. ನಡುವೆ ಒಂದು ಉದ್ದ ಕೊಳವೆ ಇದೆಯಲ್ಲ, ಅದರ ಮೈಗೆ ಸಾಸಿವೆಯಂಥ ಹಳದಿ ಕಾಳುಗಳು ಅಂಟಿಕೊಂಡಿರುತ್ತವೆ. ಅವೇ ಗಂಡು, ಹೂಧೂಳಿ ಇರೋದು ಅವುಗಳಲ್ಲಿ. ಕೊಳವೆಯ ತುತ್ತತುದಿಯಲ್ಲಿ ಮಖಮಲ್ಲಿನಂಥ ಐದು ಗುಂಡು ಗುಂಡಿ ಇವೆ, ಅವು ಹೆಣ್ಣಿನ ಬಾಯಿ. ಕಾಯಿ ಆಗುವ ಗರ್ಭ ಮಾತ್ರ ಕೆಳಗೆ, ಹಸಿರು ಬಟ್ಟಲಿನ ತಳದಲ್ಲಿ ಕೂತಿರುತ್ತದೆ. ತುದಿಗೆ ಹಚ್ಚಿದ ಧೂಳಿ ಕಾಳು ಮೊಳೆತು, ಕೂದಲಿಗಿಂತ ಸಣ್ಣ ಎಳೆ ಬಿಟ್ಟು, ಆ ಕೊಳವೆಯ ಒಳಗಿಂದ ಅಷ್ಟುದ್ದ ಇಳಿದು ಗರ್ಭ ಮುಟ್ಟಬೇಕು. ದೊಡ್ಡ ಹೈಬ್ರಿಡ್ ಹೂವಿನಲ್ಲಿ ಅದು ಒಂದು ಬೆರಳಿನಷ್ಟು ದಾರಿ. ಹೂವಿನ ಆಯುಸ್ಸೋ ಒಂದು ದಿನ, ಹೆಚ್ಚೆಂದರೆ ಎರಡು. 37-38 ಡಿಗ್ರಿ ಬಿಸಿಲಿನಲ್ಲಿ ಕಾಂಕ್ರೀಟ್ ಮೇಲಿಟ್ಟ ಪಾಟಿನಲ್ಲಿ ಹೂಧೂಳಿಯೇ ಜೀವ ಕಳೆದುಕೊಂಡಿರುತ್ತದೆ, ತುದಿಯ ಗುಂಡಿಗಳು ಹತ್ತು ಗಂಟೆಗೇ ಒಣಗಿರುತ್ತವೆ, ಉಳಿದ ಒಂದೆರಡು ಕಾಳು ಮೊಳೆತರೂ ಸಂಜೆಗೆ ಹೂವೇ ಮುದುಡಿಬಿಡುತ್ತದೆ. ಇನ್ನೆಲ್ಲಿಯ ಕಾಯಿ!

ಮಳೆಗಾಲವೂ ಬೇಡ. ಹೂಧೂಳಿ ನೀರು ಕುಡಿದರೆ ಒಡೆದು ಹೋಗುತ್ತದೆ. ನಮ್ಮ ಕಡೆ ದಾಸವಾಳ ಕ್ರಾಸ್ ಮಾಡೋಕೆ ಒಳ್ಳೆಯ ಕಾಲ ಅಂದರೆ ದಸರೆಯಿಂದ ಸಂಕ್ರಾಂತಿವರೆಗೆ. ಹಗಲು ಹಿತವಾದ ಬಿಸಿಲು, ರಾತ್ರಿ ತಂಪು, ಹೂ ಎರಡನೇ ದಿನವೂ ಅರಳಿಕೊಂಡೇ ಇರುತ್ತದೆ. ಧಾರವಾಡದಲ್ಲಿ ಇದು ಇನ್ನೂ ಸ್ವಲ್ಪ ಸಲೀಸು. 20 ಕಿ.ಮೀ. ಅಂತರದಲ್ಲಿ ಹವೆ ಎಷ್ಟು ಬದಲಾಗುತ್ತದೆ ಅಂತ ದಿನಾ ಓಡಾಡುವವರಿಗೆ ಗೊತ್ತು. ಗದಗದಲ್ಲಿ ಒಣ ಗಾಳಿ ಜಾಸ್ತಿ, ಅಲ್ಲಿಯವರು ಗಿಡವನ್ನ ಗೋಡೆ ಮರೆಗೆ ಇಟ್ಟುಕೊಳ್ಳಬೇಕು.

ದಸರೆಗೆ ಹೂ ಬೇಕು ಅಂದರೆ ಗಿಡ ಸವರೋದು, ಅಂದರೆ ಕೊಂಬೆ ಕತ್ತರಿಸೋದು ಯಾವಾಗ? ದಾಸವಾಳ ಹೂ ಬಿಡೋದು ಹೊಸ ಚಿಗುರಿನ ಮೇಲೆ, ಸವರಿದ ಮೇಲೆ ಎರಡು-ಮೂರು ತಿಂಗಳು ಬೇಕು. ಹಾಗಾಗಿ ಮುಂಗಾರು ಹಿಡಿದ ಮೇಲೆ, ಜೂನ್ ಕೊನೆ ಅಥವಾ ಜುಲೈನಲ್ಲಿ ಮೂರನೇ ಒಂದು ಭಾಗ ಸವರಿ. ಒಂದೇ ದಿನ ಮೂವತ್ತೂ ಗಿಡ ಬೋಳಿಸಬೇಡಿ. ಹತ್ತು-ಹತ್ತರಂತೆ ಹದಿನೈದು ದಿನ ಬಿಟ್ಟು ಸವರಿದರೆ ತಾಯಿ ಹೂ, ತಂದೆ ಹೂ ಒಂದೇ ದಿನ ಅರಳುವ ಯೋಗ ಹೆಚ್ಚು.

ಈಗ ಕೈಯ ವಿಷಯ. ಇದಕ್ಕೆ ಪುಸ್ತಕ ಬೇಡ, ಯೂಟ್ಯೂಬೂ ಬೇಡ. ಹಾವೇರಿ ಜಿಲ್ಲೆಯಲ್ಲಿ, ಅದರಲ್ಲೂ ರಾಣೆಬೆನ್ನೂರಿನ ಸುತ್ತ, ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುವ ಹೆಣ್ಣುಮಕ್ಕಳನ್ನ ನೋಡಿದ್ದೀರಲ್ವಾ? ಸಂಜೆ ಮೊಗ್ಗಿನ ಗಂಡು ತೆಗೆಯೋದು, ಮಾರನೇ ಬೆಳಿಗ್ಗೆ ಧೂಳಿ ಹಚ್ಚೋದು, ದಾರ ಕಟ್ಟೋದು. ಹತ್ತಿ, ಬೆಂಡಿ, ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜ ಹೀಗೆ ಒಂದೊಂದೇ ಹೂವಿಗೆ ಕೈ ಮುಟ್ಟಿಸಿ ತಯಾರಾಗುತ್ತದೆ. ಇದರಲ್ಲಿ ಹತ್ತಿ ಮತ್ತು ಬೆಂಡಿ ದಾಸವಾಳದ ಸ್ವಂತ ನೆಂಟರು, ಒಂದೇ ಕುಟುಂಬ. ಬೆಂಡಿ ಹೂವನ್ನ ದಾಸವಾಳದ ಪಕ್ಕ ಇಟ್ಟು ನೋಡಿ, ಅದೇ ಕೊಳವೆ, ಅದೇ ಕಾಳು. ನಾವು ಪಲ್ಯ ಮಾಡುವ ಪುಂಡಿ ಇದೆಯಲ್ಲ, ಅದಂತೂ ಸಾಕ್ಷಾತ್ ದಾಸವಾಳದ ಕುಲದ್ದೇ. ಸೊಪ್ಪು ಕೊಯ್ಯದೆ ಬಿಟ್ಟರೆ ನಡುವೆ ಕಪ್ಪುಗೆಂಪು ಕಣ್ಣಿನ ಚಂದದ ತಿಳಿಹಳದಿ ಹೂ ಬಿಡುತ್ತದೆ. (ಹಾಗಂತ ಪುಂಡಿಯ ಧೂಳಿ ತಂದು ದಾಸವಾಳಕ್ಕೆ ಹಚ್ಚಬೇಡಿ, ನಿಲ್ಲೋದಿಲ್ಲ. ಬೆಂಡಿ, ಹತ್ತಿಯದೂ ಅಷ್ಟೇ. ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಸಂಬಂಧ ಕೂಡಿಬರಬೇಕು ಅಂತಿಲ್ಲ.)

ಈ ಕಸುಬಿನಲ್ಲಿ ನಮ್ಮ ಧಾರವಾಡದ ಹೆಸರು ದೊಡ್ಡದು. ಜಗತ್ತಿನಲ್ಲೇ ಮೊದಲು ವ್ಯಾಪಾರಕ್ಕೆ ಬಂದ ಹೈಬ್ರಿಡ್ ಹತ್ತಿ ಗುಜರಾತಿನ ಸೂರತ್‌ನಲ್ಲಿ ಸಿ.ಟಿ. ಪಟೇಲರು ಮಾಡಿದ್ದು, 1970ರಲ್ಲಿ. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಕೊಟ್ಟರು. ಅದು ಬೇರೆ ಬೇರೆ ಎರಡು ಜಾತಿಯ ಹತ್ತಿಗಳನ್ನ ಕೂಡಿಸಿದ್ದು. ತಾಯಿ ನಮ್ಮ ಕಡೆ ಆಗಲೇ ಬೆಳೆಯುತ್ತಿದ್ದ ಲಕ್ಷ್ಮಿ, ತಂದೆ ಉದ್ದ ಎಳೆಯ ಬೇರೆ ಜಾತಿ, ಎಸ್‌ಬಿ 289ಇ. ಆಮೇಲೆ 1981ರಲ್ಲಿ ಡಿಸಿಎಚ್-32, ಜನ ಜಯಲಕ್ಷ್ಮಿ ಅಂತ ಕರೆದದ್ದು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಲಕ್ಷ್ಮಿಯನ್ನ ತಾಯಿ ಮಾಡಿದ್ದು ಸುಮ್ನೆ ಅಲ್ಲ. ಈ ನೆಲಕ್ಕೆ ಒಗ್ಗಿದ, ಕಾಯಿ ಗಟ್ಟಿಯಾಗಿ ಹಿಡಿದುಕೊಳ್ಳುವ ಗಿಡ ತಾಯಿ ಆಗಬೇಕು. ಚಂದ ತಂದೆಯಿಂದ ಬರಲಿ. ದಾಸವಾಳಕ್ಕೂ ನಾನು ಇದೇ ಸೂತ್ರ ಇಟ್ಟುಕೊಂಡಿದ್ದೇನೆ.

ನಿಮ್ಮ 30 ಗಿಡದಲ್ಲಿ ತಾಯಿ ಆಗಬಲ್ಲವು ನಾಲ್ಕೈದು ಸಿಕ್ಕರೆ ದೊಡ್ಡದು. ದೇವರ ಪೂಜೆಗೆ ಕೊಯ್ಯುವ ಹಳೆಯ ಕೆಂಪು ದಾಸವಾಳ ನಮ್ಮ ಹಿತ್ತಲಲ್ಲಿ ವರ್ಷವಿಡೀ ಹೂ ಬಿಟ್ಟರೂ ಅದರಲ್ಲಿ ಕಾಯಿ ಕಂಡವರು ಅಪರೂಪ. ತಲೆಮಾರುಗಟ್ಟಲೆ ಕಡ್ಡಿ ನೆಟ್ಟೇ ಅದನ್ನ ಬೆಳೆಸಿದ್ದಾರೆ. ಈ ಜಾತಿಯನ್ನ ಗಿಡಗಳಿಗೆ ಶಾಸ್ತ್ರೀಯ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಚೀನಾದ ಗುಲಾಬಿ ಅನ್ನೋ ಅರ್ಥದ ಹೆಸರಿಟ್ಟು ದಾಖಲೆ ಮಾಡಿದರು, ಆದರೆ ಇದು ಕಾಡಿನಲ್ಲಿ ತಾನಾಗಿ ಬೆಳೆದದ್ದು ಎಲ್ಲೂ ಸಿಕ್ಕಿಲ್ಲ, ಎಲ್ಲೆಲ್ಲೂ ಮನುಷ್ಯರು ನೆಟ್ಟದ್ದೇ. ಈಗಿನ ಹೈಬ್ರಿಡ್‌ಗಳಲ್ಲಿ ಹವಾಯಿ ದ್ವೀಪದ ದಾಸವಾಳಗಳ ರಕ್ತ ಇದೆ, ಪೂರ್ವ ಆಫ್ರಿಕಾದಿಂದ ಬಂದ, ಅಂಚು ಹರಿದು ಜುಮಕಿಯಂತೆ ತೂಗುವ ದಾಸವಾಳದ ರಕ್ತ ಇದೆ. ಇಷ್ಟೆಲ್ಲ ಬೆರೆತ ಮೇಲೆ ಗಿಡದಿಂದ ಗಿಡಕ್ಕೆ ಕ್ರೋಮೋಸೋಮ್ ಸಂಖ್ಯೆಯೇ ಬೇರೆ ಬೇರೆ. ಕೆಲವಕ್ಕೆ ಕಾಯಿ ಹಿಡಿಯೋಕೇ ಬರೋದಿಲ್ಲ. ಸುತ್ತು ಸುತ್ತಿನ ಮುದ್ದೆ ದಾಸವಾಳಗಳದು ಇನ್ನೊಂದು ಕತೆ. ಅಲ್ಲಿ ಗಂಡು ಕಾಳುಗಳೇ ಎಸಳಾಗಿ ಬದಲಾಗಿರುತ್ತವೆ, ಧೂಳಿ ಸಿಗೋದು ಕಷ್ಟ, ತುದಿಯ ಗುಂಡಿಗಳೂ ಬಹಳ ಸಲ ವಕ್ರ. ಅವನ್ನ ತಾಯಿ ಮಾಡೋಕೆ ಹೋಗಬೇಡಿ. ಎಸಳಿನ ಸಂದಿಯಲ್ಲಿ ಹುಡುಕಿದರೆ ಒಂದೆರಡು ಒಳ್ಳೆಯ ಕಾಳು ಸಿಗುತ್ತವೆ, ತಂದೆ ಮಾಡಿಕೊಳ್ಳಿ.

ತಾಯಿಯನ್ನ ಗುರುತಿಸೋಕೆ ಸರಳ ದಾರಿ ಇದೆ. ಈ ದಸರೆ ಹೊತ್ತಿಗೆ ಪ್ರತಿ ಒಂಟಿ ಸುತ್ತಿನ ಗಿಡದಲ್ಲಿ ಐದು ಹೂವಿಗೆ, ಬೇರೆ ಬೇರೆ ಗಿಡಗಳ ಧೂಳಿ ಕಲಸಿ ಹಚ್ಚಿ. ಬಣ್ಣದ ಯೋಚನೆ ಬೇಡ. ಯಾವ ಗಿಡ ಐದರಲ್ಲಿ ಎರಡಾದರೂ ಹಿಡಿಯಿತೋ ಅದು ತಾಯಿ, ಕಾಯಿ ಬಲಿತ ಮೇಲೆ ಒಳ್ಳೆ ಜಾಗ ಕೊಡಿ. ಒಂದೂ ಹಿಡಿಯದ್ದನ್ನ ಇನ್ನೊಂದು ಚಳಿಗಾಲ ನೋಡಿ, ಆಮೇಲೆ ತಂದೆಯ ಸಾಲಿಗೆ ಹಾಕಿ. ನಿಮ್ಮ ಕೇಸರಿ ಈಗಾಗಲೇ ಒಂದು ಕಾಯಿ ಕೊಟ್ಟಿದೆ, ಅದು ಚಿನ್ನ, ಜೋಪಾನ.

ಉದುರಿದ್ದನ್ನೂ ಓದೋಕೆ ಕಲಿಯಬೇಕು. ಮೂರರಿಂದ ಏಳು ದಿನದೊಳಗೆ ಬುಡದ ಹಸಿರು ಬಟ್ಟಲು ಹಳದಿಯಾಗಿ ತೊಟ್ಟಿನ ಗಂಟಲ್ಲಿ ಕಳಚಿ ಬಿದ್ದರೆ ಗರ್ಭ ಕಟ್ಟಲೇ ಇಲ್ಲ ಅಂತ. ನಿಮ್ಮ 40ರದ್ದು ಇದೇ. ಕಡಲೆಕಾಳಿನ ಗಾತ್ರ ದಾಟಿ, ಎರಡು-ಮೂರು ವಾರ ಆಗಿ, ಹಸಿರಾಗಿದ್ದಾಗಲೇ ಬಿದ್ದರೆ ಗರ್ಭ ಕಟ್ಟಿತ್ತು, ಗಿಡ ಕೈಬಿಟ್ಟಿದೆ. ಅದಕ್ಕೆ ಬಹುತೇಕ ಕಾರಣ ನೀರು. ಪಾಟು ಒಂದೇ ಒಂದು ದಿನ ಪೂರ್ತಿ ಒಣಗಿ ಎಲೆ ಜೋತುಬಿದ್ದರೆ ಸಾಕು, ಗಿಡ ಮೊದಲು ಬಿಡೋದು ಕಾಯಿಯನ್ನ. ಪಾಟನ್ನ ಜಾಗ ಬದಲಿಸೋದು, ಮಣ್ಣು ಬದಲಿಸೋದು, ಯೂರಿಯಾ ಸುರಿಯೋದು ಇವೂ ಅಷ್ಟೇ ಕೆಟ್ಟವು. ಕಾಯಿ ಇರೋವಾಗ ಗಿಡದ ತಂಟೆಗೇ ಹೋಗಬೇಡಿ. ಒಂದು 12 ಇಂಚಿನ ಪಾಟಿನ ಗಿಡಕ್ಕೆ ನಾಲ್ಕೈದು ಕಾಯಿಗಿಂತ ಜಾಸ್ತಿ ಹೊರಿಸಲೂಬೇಡಿ.

ಹಚ್ಚುವ ಕ್ರಮ ಹೀಗೆ. ಹಿಂದಿನ ಸಂಜೆ ನಾಳೆ ಅರಳುವ ಮೊಗ್ಗು ಗುರುತಿಸಿ, ಅದು ಉದ್ದವಾಗಿ, ಬಣ್ಣ ತೋರಿಸುತ್ತಾ, ತಿರುಚಿಕೊಂಡಿರುತ್ತದೆ. ಎಸಳನ್ನ ಒಂದು ಪಕ್ಕ ಸೀಳಿ ಹಿಂದಕ್ಕೆ ಮಡಚಿ, ಕೊಳವೆಯ ಮೇಲಿನ ಕಾಳುಗಳನ್ನ ಹುಬ್ಬಿನ ಚಿಮಟದಿಂದ ಒಂದೊಂದಾಗಿ ಕಿತ್ತು ತೆಗೆಯಿರಿ. ಕಾಳು ಒಡೆದು ಧೂಳಿ ಚೆಲ್ಲುವ ಮುಂಚೆ ಇದು ಆಗಬೇಕು. ಹತ್ತಿಯಲ್ಲಾದರೆ ಹೆಬ್ಬೆರಳಿನ ಉಗುರು ಬುಡಕ್ಕೆ ಕೊಟ್ಟು ಒಂದು ತಿರುವಿಗೆ ಎಸಳು, ಗಂಡು ಎರಡನ್ನೂ ಟೋಪಿ ತೆಗೆದಂತೆ ತೆಗೆದುಬಿಡುತ್ತಾರೆ. ದಾಸವಾಳದಲ್ಲಿ ಹಾಗೆ ಮಾಡಿದರೆ ಒಳಗಿನ ಹೆಣ್ಣಿನ ಎಳೆಯೂ ಕಿತ್ತು ಬರುತ್ತದೆ, ಕೆಲಸ ಕೆಟ್ಟಿತು. ನಾನು ಕಲಿಯುವಾಗ ಬೀಜದ ಪ್ಲಾಟಿನಲ್ಲಿ ಒಬ್ಬ ಅಮ್ಮ ನನ್ನ ಕೈ ಹಿಡಿದು ನೋಡಿ, ಮೊಂಡ ಕತ್ತರಿಸಿದ ಉಗುರು ಕಂಡು, "ಈ ಕೈಗೆ ಗಂಡು ಬಿಡಿಸೋ ಕೆಲಸಾ ಆಗಂಗಿಲ್ರೀ ಸಾಹೇಬ್ರ, ನೀವು ದಾರಾ ಕಟ್ರಿ" ಅಂದಿದ್ದರು. ಎರಡು ದಿನ ದಾರವನ್ನೇ ಕಟ್ಟಿದೆ. ನಂತರ ಉಗುರು ಬೆಳೆಸಿದೆ. ಅವರ ಕೈಯಲ್ಲಿ ನಿಮಿಷಕ್ಕೆ ಎಷ್ಟು ಮೊಗ್ಗು ಆಗುತ್ತಿತ್ತೋ, ನಾನು ಎಣಿಸೋಕೆ ಹೋಗಿ ತಪ್ಪಿಸಿಕೊಂಡೆ.

ನಿಮ್ಮ ಕೈ ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ದಾಸವಾಳ ಒಳ್ಳೆಯ ಪಾಟಿ (ಸ್ಲೇಟು) ಅಲ್ಲ. ಎರಡು ಬೆಂಡಿ ಗಿಡ ಹಾಕಿ. ಬೆಂಡಿ ತನ್ನ ಧೂಳಿಯಿಂದಲೇ ತಾನು ಕಾಯಿ ಕಟ್ಟುತ್ತದೆ. ಸಂಜೆ ಐದು ಮೊಗ್ಗಿನ ಗಂಡು ತೆಗೆದು, ಯಾವ ಧೂಳಿಯನ್ನೂ ಹಚ್ಚದೆ, ಸಣ್ಣ ಕಾಗದದ ಚೀಲ ಹಾಕಿ ಬಿಟ್ಟುಬಿಡಿ. ಐದೂ ಉದುರಿದರೆ ನಿಮ್ಮ ಕೈ ಶುದ್ಧ. ಕಾಯಿ ಆಯಿತೋ, ಎಲ್ಲೋ ಒಂದು ಕಾಳು ಉಳಿಸಿದ್ದೀರಿ ಅಂತ. ಇನ್ನೈದಕ್ಕೆ ಗಂಡು ತೆಗೆದು ಬೆಳಿಗ್ಗೆ ಪಕ್ಕದ ಗಿಡದ ಧೂಳಿ ಹಚ್ಚಿ. ಅವು ನಿಲ್ಲಬೇಕು. ವಾರದಲ್ಲಿ ಫಲಿತಾಂಶ, ಜೊತೆಗೆ ಪಲ್ಯ.

ಬೆಳಿಗ್ಗೆ ಎಂಟರಿಂದ ಹತ್ತೂವರೆ ಒಳಗೆ ಧೂಳಿ ಹಚ್ಚಿ. ಬ್ರಶ್ ಬೇಡ, ಅದರ ಕೂದಲಲ್ಲಿ ಅರ್ಧ ಧೂಳಿ ಉಳಿದು ಮುಂದಿನ ಹೂವಿಗೆ ಕಲಬೆರಕೆ ಆಗುತ್ತದೆ. ತಂದೆ ಹೂವನ್ನೇ ಕಿತ್ತು, ಎಸಳು ಹರಿದು ಹಾಕಿ, ಕೊಳವೆಯನ್ನ ಕಡ್ಡಿಯಂತೆ ಹಿಡಿದು, ತಾಯಿಯ ಐದೂ ಗುಂಡಿಗೆ ಮೆತ್ತಗೆ ಸವರಿ. ದಾಸವಾಳದ ಧೂಳಿ ಕಾಳು ದಪ್ಪ, ಮುಳ್ಳು ಮುಳ್ಳು, ಬರಿಗಣ್ಣಿಗೇ ಕಾಣುತ್ತದೆ. ಗುಂಡಿ ಪೂರ್ತಿ ಹಳದಿ ಆಗುವಷ್ಟು ಹಚ್ಚಿ, ಜಿಪುಣತನ ಬೇಡ. ಗಾಳಿಗೆ ಹಾರುವ ಧೂಳಿ ಅಲ್ಲ ಇದು, ಆದರೆ ಸೂರಕ್ಕಿ, ಜೇನು, ಇರುವೆ ತಂದು ಹಚ್ಚಬಹುದು, ಅದಕ್ಕೇ ಬೆಂಡಿಗೆ ಹಾಕಿದಂಥ ಕಾಗದದ ಚೀಲ ಇಲ್ಲೂ ಬೇಕು. ತಂದೆ ಹೂ ಇವತ್ತು ಅರಳಿ ತಾಯಿ ನಾಳೆ ಅರಳುವುದಾದರೆ, ತಂದೆಯ ಕೊಳವೆಯನ್ನ ಒಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಒಂದು ದಿನ ಧೈರ್ಯವಾಗಿ ಬಳಸಬಹುದು. ಮನೆಯವರಿಗೆ ಹೇಳಿಡಿ, ನಮ್ಮ ಮನೆಯಲ್ಲಿ ಒಮ್ಮೆ ಕಸ ಅಂತ ಎಸೆದಿದ್ದರು.

ತೊಟ್ಟಿಗೆ ಚೀಟಿ ಕಟ್ಟಲೇಬೇಕು. ತಾಯಿ ಹೆಸರು ಮೊದಲು, ಗುಣಿಸುವ ಗುರುತು, ತಂದೆ ಹೆಸರು, ತಾರೀಖು. ಪೆನ್ಸಿಲ್‌ನಲ್ಲಿ ಬರೆಯಿರಿ. ನಾನು ಒಂದು ವರ್ಷ ಒಳ್ಳೆಯ ಮಾರ್ಕರ್ ಪೆನ್ ಅಂತ ದುಡ್ಡು ಕೊಟ್ಟು ತಂದು 60 ಸಸಿಗೆ ಬರೆದಿದ್ದೆ. ಮಾರ್ಚ್ ಬಿಸಿಲಿಗೆ ಎಲ್ಲ ಅಳಿಸಿ ಬಿಳಿ ಪಟ್ಟಿ ಉಳಿಯಿತು. ಅದರಲ್ಲೊಂದು ಚಂದದ ಕಂದು ಬಣ್ಣದ ಹೂ ಬಂತು, ಅಪ್ಪ-ಅಮ್ಮ ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಮತ್ತೆ ಮಾಡೋಕೂ ಆಗಿಲ್ಲ. ಪೆನ್ಸಿಲ್ ಬಿಸಿಲಿಗೆ ಮಾಸೋದಿಲ್ಲ.

ಕಾಯಿ ಬಲಿಯೋಕೆ ಒಂದೂವರೆಯಿಂದ ಮೂರು ತಿಂಗಳು, ಚಳಿ ಜಾಸ್ತಿ ಇದ್ದಷ್ಟೂ ತಡ. ತಿಂಗಳಾದ ಮೇಲೆ ಹಳೆಯ ಓಡಣಿ ಬಟ್ಟೆಯ ಪುಟ್ಟ ಚೀಲ ಕಟ್ಟಿಬಿಡಿ. ಕಾಯಿ ಕಂದಾಗಿ ಐದು ಹೋಳಾಗಿ ಬಿರಿಯುತ್ತದೆ, ನೀವು ಶಾಲೆಯಿಂದ ಬರುವಷ್ಟರಲ್ಲಿ ಬೀಜ ಪಕ್ಕದ ಮನೆಯ ಮಾಳಿಗೆಯಲ್ಲಿರುತ್ತದೆ. ನಿಮ್ಮ ಆರರಲ್ಲಿ ಎರಡೇ ಮೊಳೆತದ್ದು ಯಾಕೆ ಅಂದರೆ ಸಿಪ್ಪೆ ಗಟ್ಟಿ. ಮೂತ್ರಪಿಂಡದ ಆಕಾರದ ಬೀಜ ಅಲ್ವಾ, ಒಳಬಾಗಿದ ಕಡೆ ಮೊಳಕೆ ಬರುವ ಜಾಗ, ಅದನ್ನ ಮುಟ್ಟಬೇಡಿ. ಬೆನ್ನಿನ ಕಡೆ ಉಗುರು ಕತ್ತರಿಯಿಂದ ಒಳಗಿನ ಬಿಳಿ ಕಾಣುವಷ್ಟೇ ಚೂರು ಸಿಪ್ಪೆ ಕಚ್ಚಿ ತೆಗೆದು, ಬೆಚ್ಚನೆ ನೀರಲ್ಲಿ ಒಂದು ರಾತ್ರಿ ನೆನೆಸಿ. ತೊಳೆದ ಕೋಕೋಪೀಟ್ ಮತ್ತು ದಪ್ಪ ಮರಳು ಸಮ ಕಲಸಿ ಅರ್ಧ ಇಂಚು ಆಳಕ್ಕೆ ಹಾಕಿ. ವಾರ-ಹತ್ತು ದಿನದಲ್ಲಿ ಮೇಲೆ ಬರುತ್ತವೆ. ಮೊದಲ ಎರಡು ವಾರ ನೀರು ಕಡಿಮೆ, ಗಾಳಿ ಜಾಸ್ತಿ. ಸಸಿ ಬುಡ ಕೊಳೆತು ಮಲಗೋದೇ ಇಲ್ಲಿ ದೊಡ್ಡ ಶತ್ರು. ಅಲ್ಲಿಂದ ಹೂವಿಗೆ ಒಂಬತ್ತು ತಿಂಗಳಿಂದ ಎರಡು ವರ್ಷ.

ಈಗ ನಿಮ್ಮ ಸಪ್ಪೆ ಗುಲಾಬಿಗೆ ಬರೋಣ. ನೀವು ಬರೆದದ್ದನ್ನ ಎರಡು ಸಲ ಓದಿದೆ, ತಾಯಿ ಹೂವಿನ ಗಂಡು ತೆಗೆದಿದ್ದು ಎಲ್ಲೂ ಇಲ್ಲ. ಹಾಗಿದ್ದರೆ ಅದು ನಿಮ್ಮ ಹಳದಿಯ ಮಗುವೋ, ಕೇಸರಿ ತಾನೇ ಕಟ್ಟಿಕೊಂಡದ್ದೋ ಹೇಳೋಕೆ ಬರೋದಿಲ್ಲ. ಎರಡರಲ್ಲೂ ಗುಲಾಬಿ ಬರಬಹುದು. ದಾಸವಾಳದ ಬಣ್ಣ ಎರಡು ಪದರದ್ದು. ಹಳದಿ-ಕಿತ್ತಳೆ ಕೊಡೋದು ಕ್ಯಾರೋಟಿನ್ ಬಳಗ, ಗಜ್ಜರಿಯಲ್ಲಿ ಇರುವಂಥದ್ದು. ಕೆಂಪು-ಗುಲಾಬಿ-ನೇರಳೆ ಕೊಡೋದು ಆಂಥೋಸಯನಿನ್, ನೇರಳೆಹಣ್ಣಿನಲ್ಲಿ ಇರುವಂಥದ್ದು. ಹಳದಿಯ ಮೇಲೆ ತೆಳು ಕೆಂಪು ಕೂತರೆ ಕೇಸರಿ, ದಟ್ಟ ನೇರಳೆಗೆಂಪು ಕೂತರೆ ಕಂದು, ಎರಡೂ ಇಲ್ಲದಿದ್ದರೆ ಬಿಳಿ. ನಿಮ್ಮ ಸಸಿಯಲ್ಲಿ ಹಳದಿ ಪದರ ಕೈತಪ್ಪಿದೆ, ತೆಳು ಕೆಂಪು ಮಾತ್ರ ಉಳಿದು ಗುಲಾಬಿಯಾಗಿ ಕಂಡಿದೆ. ಅದರಲ್ಲೂ ಮೊದಲ ಹೂ ಸೆಕೆಯಲ್ಲಿ ಬಂದಿದ್ದರೆ ಅದನ್ನ ನಂಬಲೇಬೇಡಿ, ಬಿಸಿಲಿಗೆ ಕೆಂಪು ಪದರ ಬಿಳಿಚಿಕೊಳ್ಳುತ್ತದೆ, ಚಳಿಗೆ ದಟ್ಟ ಆಗುತ್ತದೆ. ಎಳೆ ಗಿಡದ ಮೊದಲ ಹೂ ಗಾತ್ರದಲ್ಲೂ ಸಣ್ಣದೇ. ಡಿಸೆಂಬರ್‌ನ ಹೂ ನೋಡದೆ ಯಾವ ಸಸಿಯನ್ನೂ ನಾನು ಕೀಳೋದಿಲ್ಲ.

ಒಂದು ಸಸಿ ನೋಡಿ ಬೇಸರ ಮಾಡಿಕೊಂಡರೆ ಹೇಗೆ ಹೇಳಿ. ಇಷ್ಟು ಬೆರಕೆ ರಕ್ತದಲ್ಲಿ ಒಂದೇ ಕಾಯಿಯ ಎರಡು ಬೀಜ ಒಂದರಂತೆ ಒಂದು ಇರೋದಿಲ್ಲ. ನನ್ನ ಅನುಭವದಲ್ಲಿ ನೂರು ಸಸಿಗೆ ಎರಡು-ಮೂರು ಇಟ್ಟುಕೊಳ್ಳುವಂಥವು. ನೆಂಟರಿಗೆ ತೋರಿಸುವಂಥದ್ದು ಒಂದು ಬಂದರೆ ಆ ವರ್ಷ ಸುಗ್ಗಿ. ಮೊದಲ ಪೀಳಿಗೆಯಲ್ಲಿ ಸಪ್ಪೆ ಬಂದದ್ದು ಎಷ್ಟೋ ಸಲ ಎರಡನೆಯದರಲ್ಲಿ ತೆರೆದುಕೊಳ್ಳುತ್ತದೆ. ಈ ಗುಲಾಬಿಯನ್ನ ಅದೇ ಕೆಂಪು ಕಣ್ಣಿನ ಹಳದಿಗೆ ಮತ್ತೆ ಹಚ್ಚಿ ನೋಡಿ, ಈ ಸಲ ಗಂಡು ತೆಗೆದು. ಮತ್ತೆ, ನೀಲಿ ದಾಸವಾಳ, ಕಾಮನಬಿಲ್ಲಿನ ದಾಸವಾಳ ಅಂತ ಮೊಬೈಲ್‌ನಲ್ಲಿ ಬೀಜ ಮಾರುತ್ತಾರಲ್ಲ, ದಯವಿಟ್ಟು ದುಡ್ಡು ಕಳೆಯಬೇಡಿ. ಆ ಫೋಟೋ ಕಂಪ್ಯೂಟರಿನಲ್ಲಿ ಬಣ್ಣ ಬಳಿದದ್ದು. ಬೂದಿ-ನೇರಳೆ ತನಕ ಬೀಜದಲ್ಲಿ ಹೋಗಬಹುದು, ಶಂಖಪುಷ್ಪದ ನೀಲಿ ಈ ಹೂವಿನಲ್ಲಿ ಇಲ್ಲ.

ಹಳದಿ ಎಲೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಹೌದಲ್ವಾ? ಹಾಗಿದ್ದರೆ ಅದು ಕಬ್ಬಿಣದ ಕೊರತೆ. ಪಾಟಿಗೆ ಏನು ತುಂಬಿದ್ದೀರಿ ಬರೆದಿಲ್ಲ, ಹುಬ್ಬಳ್ಳಿ ಅಂದಮೇಲೆ ಎರಿ (ಕಪ್ಪು) ಮಣ್ಣು ಅಂತ ಊಹಿಸುತ್ತೇನೆ. ಎರಿ ಹತ್ತಿಗೆ, ಜೋಳಕ್ಕೆ ಬಂಗಾರ. ಪಾಟಿನಲ್ಲಿ ಮಾತ್ರ ಶಾಪ. ನೀರು ಹಾಕಿದರೆ ಉಬ್ಬಿ ಬೇರಿಗೆ ಉಸಿರು ಕಟ್ಟುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮೇಲೆ ಬೋರಿನ ಗಡಸು ನೀರು. ಕಬ್ಬಿಣ ಮಣ್ಣಲ್ಲಿ ಇದ್ದರೂ ಗಿಡಕ್ಕೆ ಸಿಗೋದಿಲ್ಲ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ, ಕಲಘಟಗಿ ಕಡೆ ಹೋದರೆ ಮಸಾರಿ (ಕೆಂಪು ಮಣ್ಣು) ಸಿಗುತ್ತದೆ, ಎರಡು ಚೀಲ ತರಿಸಿಕೊಳ್ಳಿ. ಎರಡು ಪಾಲು ಮಸಾರಿ, ಒಂದು ಪಾಲು ಹಳೆಯ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಕೋಕೋಪೀಟ್. ಮಣ್ಣು ಬದಲಿಸೋದು ಜುಲೈನಲ್ಲಿ ಸವರುವಾಗಲೇ. ಅಲ್ಲಿಯವರೆಗೆ ಚೀಲೇಟೆಡ್ ಕಬ್ಬಿಣ (ಸುಣ್ಣದ ಮಣ್ಣಲ್ಲೂ ಗಿಡಕ್ಕೆ ಸಿಗುವಂತೆ ಮಾಡಿದ ಕಬ್ಬಿಣ) ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಹಾಕಿ, ಮಳೆ ನೀರು ಹಿಡಿದಿಟ್ಟು ಕೊಡಿ. ಎಲುಬಿನ ಪುಡಿ ಹಾಕುವ ಚಟ ಇದ್ದರೆ ಬಿಡಿ. ದಾಸವಾಳಕ್ಕೆ ಅದರಲ್ಲಿರುವ ರಂಜಕ (ಫಾಸ್ಫರಸ್) ಜಾಸ್ತಿ ಆದರೆ ಕಬ್ಬಿಣ ಇನ್ನೂ ಸಿಗದಂತಾಗುತ್ತದೆ. ದಾಸವಾಳ ಪೊಟ್ಯಾಶ್ ಪ್ರಿಯ.

ಚಿಗುರು ಮುರುಟಿ ಗಂಟಾಗಿದ್ದು ಗುಲಾಬಿ ಹಿಟ್ಟು ತಿಗಣೆ. ಬಿಡಿಸಿ ನೋಡಿ, ಒಳಗೆ ಬಿಳಿ ಹಿಟ್ಟು, ಹಿಟ್ಟಿನ ಕೆಳಗೆ ಗುಲಾಬಿ ಮೈಯ ಹುಳ. ಆ ಗಂಟಿನೊಳಗೆ ಯಾವ ಔಷಧಿಯೂ ಸರಿಯಾಗಿ ಹೋಗೋದಿಲ್ಲ. ಅದಕ್ಕೇ ಗಂಟನ್ನ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ಸೋಪು, ಸಂಜೆ ಹೊತ್ತು, ವಾರಕ್ಕೊಮ್ಮೆ ಮೂರು ಸಲ. ಇರುವೆ ಸಾಲು ಇದ್ದೇ ಇರುತ್ತದೆ, ಸಿಹಿ ಅಂಟಿನ ಆಸೆಗೆ ತಿಗಣೆಯನ್ನ ಕಾಯೋದೇ ಅವು. ಪಾಟನ್ನ ನೀರಿನ ತಟ್ಟೆಯಲ್ಲಿ ಇಟ್ಟಿಗೆ ಮೇಲೆ ಕೂರಿಸಿ ಇರುವೆ ದಾರಿ ಕಟ್ಟಿದರೆ ಅರ್ಧ ಗೆದ್ದಂತೆ. ಧೂಳಿ ಹಚ್ಚುವ ವಾರದಲ್ಲಿ ಮಾತ್ರ ಯಾವ ಸಿಂಪರಣೆಯೂ ಬೇಡ.

ನಿಮ್ಮ ಹಳದಿ ಹೈಬ್ರಿಡ್ ಕಸಿ ಗಿಡವೋ ನೋಡಿ. ಇಲ್ಲಿ ಮಾರುವ ದೊಡ್ಡ ಹೂವಿನ ಹೈಬ್ರಿಡ್‌ಗಳು ಬಹುಪಾಲು ದೇಸಿ ಗಿಡದ ಬೇರಿನ ಮೇಲೆ ಕಟ್ಟಿದವು, ಸ್ವಂತ ಬೇರಲ್ಲಿ ಸೊರಗುತ್ತವೆ. ಕಸಿ ಗಂಟಿನ ಕೆಳಗೆ ಬಂದ ಚಿಗುರನ್ನ ಕಂಡ ಕೂಡಲೇ ಕೀಳಬೇಕು. ಒಮ್ಮೆ ಒಂದು ನರ್ಸರಿಯಿಂದ ತಂದ ಗಿಡದಲ್ಲಿ ನಾನು ಇದನ್ನ ಗಮನಿಸಲಿಲ್ಲ, ಎರಡನೇ ವರ್ಷಕ್ಕೆ ಹೈಬ್ರಿಡ್ ಸತ್ತು ದೇಸಿ ಕೆಂಪು ಮಾತ್ರ ನಗುತ್ತಿತ್ತು. ಅದಕ್ಕೆ ಮೂರು ತಿಂಗಳು ಧೂಳಿ ಹಚ್ಚಿದ್ದೆ ಅನ್ನೋದನ್ನ ಯಾರಿಗೂ ಹೇಳಿಲ್ಲ.

ಹೊಸ ಹೂವಿಗೆ ಹೆಸರಿಡುವ ಆಸೆ ಮುಂದೆ ಬಂದೇ ಬರುತ್ತದೆ. ಈ ದಾಸವಾಳಗಳ ಹೆಸರನ್ನ ಜಗತ್ತಿಗೆಲ್ಲ ನೋಂದಾಯಿಸುವ ಕೆಲಸ ಆಸ್ಟ್ರೇಲಿಯಾದ ದಾಸವಾಳ ಸಂಘದ್ದು. ಇಟ್ಟ ಹೆಸರು ಆಗಲೇ ಇದೆಯಾ ಅಂತ ಅಲ್ಲಿ ನೋಡಿಕೊಂಡರೆ ಆಯಿತು. ಅದಕ್ಕೂ ಮುಂಚೆ ಆ ಗಿಡದ ಕಡ್ಡಿ ಅಥವಾ ಕಸಿ ಮಾಡಿ, ಎರಡು ಬೇರೆ ಮನೆಯಲ್ಲಿ ಬೆಳೆಸಿ, ಅಲ್ಲೂ ಅದೇ ಹೂ ಬರುತ್ತದಾ ನೋಡಿ. ಬೀಜದಿಂದ ಅದೇ ಹೂ ಮತ್ತೆ ಬರೋದಿಲ್ಲ, ಕಡ್ಡಿಯಿಂದಲೇ ಹೆಚ್ಚಿಸಬೇಕು.

ಆ ಗುಲಾಬಿ ಸಸಿ ಡಿಸೆಂಬರ್‌ನಲ್ಲೂ ಸಪ್ಪೆಯಾಗೇ ಅರಳಿದರೆ ಎಸೆಯಬೇಡಿ. ಬೀಜದ ಗಿಡ, ಬೇರು ಗಟ್ಟಿ ಇರುತ್ತದೆ. ನಿಮ್ಮ ಹಳದಿ ಹೈಬ್ರಿಡ್‌ನ ಪೆನ್ಸಿಲ್ ದಪ್ಪದ ಒಂದು ಕಡ್ಡಿ ತೆಗೆದು, ಬುಡವನ್ನ ಬೆಣೆಯಂತೆ ಕೆತ್ತಿ, ಗುಲಾಬಿಯ ಸೀಳಿದ ಕೊಂಬೆಗೆ ಸಿಕ್ಕಿಸಿ ಬೆಣೆ ಕಸಿ ಕಟ್ಟಿ. ಫೆಬ್ರವರಿ ಮೊದಲ ವಾರ ಕಟ್ಟಿದರೆ ಯುಗಾದಿ ಹೊತ್ತಿಗೆ ಚಿಗುರುತ್ತದೆ. ಒಂದು ಕೊಂಬೆಯನ್ನ ಮಾತ್ರ ಕಸಿ ಮಾಡದೆ ಹಾಗೇ ಬಿಟ್ಟುಕೊಳ್ಳಿ, ಮುಂದಿನ ದಸರೆಗೆ ಕ್ರಾಸ್ ಮಾಡೋಕೆ ಅದರ ಹೂ ಬೇಕಾಗುತ್ತದೆ.